ಹುಳ ಜ್ವರಕ್ಕೆ ಕೂತಾಗ ಯೂನಿವರ್ಸಿಟಿ ನೋಡಿದ ಮುನಿರತ್ನ

“ಮದ್ರಾಸಿಂದ ಮೈಸೂರುಗಂಟ ಎಷ್ಟು ಯೂನಿವರ್ಸಿಟಿ ಅವೋ ಅಷ್ಟೂ ನನಗೆ ನಮ್ಮನೆ ಹಿತ್ತಿಲು ಇದ್ದಂಗೆ. ಗೇಟಿನ ಮುಂದೆ ನಿಂತ್ಕೊಂಡು ‘ಹೊಸೂರು ವೆಂಕಟೇಶಪ್ಪ’ ಅಂತ ಒಂದ್ಸಲ ಅಂದು ನೋಡಿ. ವಾಚ್‌ಮನ್ನು ಸಲ್ಯೂಟ್ ಹೊಡೆದು, ಒಳಗಿಂದ ಕುರ್ಚಿ ತರಿಸಿ ಹಾಕ್ಲಿಲ್ಲ ಅಂದ್ರೆ ಈ ಮೀಸೆ ಬೋಳಿಸ್ಕೊತೀನಿ.”

ಹೊಸೂರು ಬಸ್ ಸ್ಟ್ಯಾಂಡಿನ ಎದುರು ಫಾರಂ ಅಂಗಡಿ ಇಟ್ಟಿದ್ದ ವೆಂಕಟೇಶಪ್ಪ ದಿನಕ್ಕೆ ಹತ್ತು ಸಲವಾದರೂ ಈ ಮಾತು ಹೇಳುತ್ತಿದ್ದ. ಕೇಳಿದವರು ನಂಬುತ್ತಲೂ ಇದ್ದರು, ಯಾಕೆಂದರೆ ಅವನ ಮೀಸೆ ಅಂಥದ್ದು. ಅದರ ಒಂದು ತುದಿ ಬೆಂಗಳೂರು ದಾರಿಯ ಜೂಜುವಾಡಿಯ ಕಡೆಗೆ, ಇನ್ನೊಂದು ತುದಿ ಕೃಷ್ಣಗಿರಿಯ ಕಡೆಗೆ ಚಾಚಿಕೊಂಡಿತ್ತು. ದಾರಿ ತಪ್ಪಿದ ಲಾರಿ ಡ್ರೈವರುಗಳು ಕೈಮರ ಹುಡುಕದೆ ಅದನ್ನೇ ನೋಡಿಕೊಂಡು ಗಾಡಿ ತಿರುಗಿಸುತ್ತಿದ್ದರು. ಅಂಗಡಿಯೋ, ಎಷ್ಟು ಕಿರಿದೆಂದರೆ ಒಳಗೆ ಬಂದ ಗಿರಾಕಿ ಮನಸ್ಸು ಬದಲಾಯಿಸಬೇಕಾದರೆ ಹೊರಗೆ ಹೋಗಿ ಬದಲಾಯಿಸಿಕೊಂಡು ಬರಬೇಕಿತ್ತು. ಆದರೆ ಅಲ್ಲಿ ಸಿಗದ ಫಾರಂ ಭೂಮಿಯ ಮೇಲೆ ಇರಲಿಲ್ಲ. ಹುಟ್ಟಿದವರಿಗೆ ಒಂದು ಫಾರಂ, ಸತ್ತವರಿಗೆ ಒಂದು, ನಡುವೆ ಬದುಕಿ ಒದ್ದಾಡುವವರಿಗೆ ಇನ್ನೂರು. ಗೋಡೆಯ ಮೇಲಿನ ಗೂಡಿನಲ್ಲಿ, ಇಲಿ ಮುಟ್ಟದ ಹಾಗೆ ತಗಡಿನ ಡಬ್ಬಿಯಲ್ಲಿ, ಮೂರು ಯೂನಿವರ್ಸಿಟಿಗಳ ಅಡ್ಮಿಷನ್ ಫಾರಂಗಳು.

ಈ ವೆಂಕಟೇಶಪ್ಪನ ಅಕ್ಕನ ಮಗಳೇ ಮುನಿರತ್ನ.

ಊರು ತಮಿಳುನಾಡಿನ ಗಡಿಯಂಚಿನ ಗುಮ್ಮಳಾಪುರ. ಅವಳ ಅಪ್ಪ ರಾಮಾಂಜಿನಪ್ಪ ಹೊಲದ ಬದುವಿನ ಮೇಲೆ ನಿಂತು ಸೀನಿದರೆ ಸದ್ದು ತಮಿಳುನಾಡಿನಲ್ಲಿ, ತುಂತುರು ಕರ್ನಾಟಕದಲ್ಲಿ. ಅವರ ಎಮ್ಮೆ ಬೆಳಿಗ್ಗೆ ಆ ರಾಜ್ಯದಲ್ಲಿ ಮೇಯ್ದು ಸಂಜೆ ಈ ರಾಜ್ಯದಲ್ಲಿ ಹಾಲು ಕೊಡುತ್ತಿತ್ತು. ಎರಡು ಸರ್ಕಾರಗಳೂ ಅದರ ಮೇಲೆ ಒಂದೂ ನೋಟೀಸು ಕಳಿಸಿರಲಿಲ್ಲ. ೧೯೮೫ರ ಹೊತ್ತಿಗೆ ಈ ಮುನಿರತ್ನ ಎಲ್ಲರ ಬಾಯಲ್ಲಿ ಮುನಿರತ್ನಮ್ಮನಾಗಿ, ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಒಂದು ಹನಿ ಗಾಜಿನ ಮೇಲೆ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುವುದು ಅವಳ ಕೆಲಸ. ರೋಗ ಕಂಡರೆ “ಸುಡಿ” ಅನ್ನುತ್ತಿದ್ದಳು. ಅವಳು ಸುಡಿ ಅಂದ ಮೊಟ್ಟೆಯನ್ನು ಉಳಿಸಿಕೊಡಿ ಎಂದು ಕೇಳಲು ಹೋದವರು ತಮ್ಮ ಮನೆಯ ಮೊಟ್ಟೆಯನ್ನೂ ಪರೀಕ್ಷೆಗೆ ಕೊಟ್ಟು ಬರುತ್ತಿದ್ದರು. ಅಂಥ ಧ್ವನಿ.

ಆ ಧ್ವನಿ ಅವಳಿಗೆ ಬಂದದ್ದು ೧೯೭೬ರ ಬೇಸಿಗೆಯಲ್ಲಿ.

ಅದಕ್ಕೂ ನಾಲ್ಕು ವರ್ಷ ಮೊದಲು ಮನೆಯ ಹುಳವೆಲ್ಲ ಗಂಟುರೋಗಕ್ಕೆ ಸಿಕ್ಕಿ ಒಂದು ಗೂಡೂ ಕಟ್ಟದೆ ಸತ್ತಿತ್ತು. ನೋಡಲು ಬಂದ ಇನ್ಸ್‌ಪೆಕ್ಟರು ಮರದ ಪೆಟ್ಟಿಗೆಯಿಂದ ಮೈಕ್ರೋಸ್ಕೋಪು ತೆಗೆದು, ಒಂದು ಕಣ್ಣಿಟ್ಟು, “ರೋಗ ಐತೆ” ಅಂದ. ಮುನಿರತ್ನ ಪಕ್ಕದಲ್ಲೇ ನಿಂತಿದ್ದಳು.

“ಸಾರ್, ನಾನೂ ನೋಡ್ತೀನಿ.”

“ಇದನ್ನ ನೋಡೋಕೆ ಓದಿರ್ಬೇಕಮ್ಮ.”

“ಎಲ್ಲಿ ಓದಿರ್ಬೇಕು ಸಾರ್?”

“ಯೂನಿವರ್ಸಿಟೀಲಿ,” ಅಂದು ಅವನು ಪೆಟ್ಟಿಗೆ ಮುಚ್ಚಿದ.

ಅವನಿಗೆ ಮಧ್ಯಾಹ್ನದ ಬಸ್ಸು ಹಿಡಿಯುವ ಅವಸರ. ಹುಡುಗಿಯ ತಲೆಯೊಳಗೆ ಏನು ಬಿಟ್ಟು ಹೋದೆ ಎಂದು ತಿಳಿಯಲಿಲ್ಲ. ತಮ್ಮ ಮನೆಯ ಬೆಳೆ ತಿಂದ ವಸ್ತುವಿನ ಮುಖವನ್ನು ಪರರು ನೋಡಿ ಹೇಳಬೇಕು, ತಾನು ನೋಡುವಂತಿಲ್ಲ ಎಂಬುದು ಅವಳಿಗೆ ತಡೆಯಲಾಗಲಿಲ್ಲ. ಹೊಸೂರಿನಲ್ಲಿ ಮಾವನ ಮನೆಯಲ್ಲಿದ್ದುಕೊಂಡು, ದಿನಾ ಬಸ್ಸಿನಲ್ಲಿ ಕೃಷ್ಣಗಿರಿಗೆ ಹೋಗಿ ಪಿ.ಯು.ಸಿ. ಮುಗಿಸಿದಳು. ಬಸ್ಸಿನಲ್ಲಿ ಸೀಟು ಸಿಕ್ಕ ದಿನಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಅವಳು ಕಲಿತ ಪ್ರಾಣಿಶಾಸ್ತ್ರದಲ್ಲಿ ಕಪ್ಪೆಗಳೂ ಅಲುಗಾಡುತ್ತಲೇ ಇದ್ದವು. ಮಾರ್ಕ್ಸು ಮಾತ್ರ ಅಲುಗದೆ ಬಂದವು.

ಆಗ ಮನೆಯಲ್ಲಿ ಪಂಚಾಯಿತಿ ಕೂಡಿತು. ಮೂರು ಯೂನಿವರ್ಸಿಟಿ, ಮೂವರು ವಕೀಲರು.

“ಮದ್ರಾಸು ಅಂದ್ರೆ ಮದ್ರಾಸೇ ಭಾವ,” ಎಂದು ವೆಂಕಟೇಶಪ್ಪ ಶುರುಮಾಡಿದ. “ಒಂದು ಕಡೆ ಕಟ್ಟಡದ ತುದಿ ಕಾಣಲ್ಲ, ಇನ್ನೊಂದು ಕಡೆ ಸಮುದ್ರದ ತುದಿ ಕಾಣಲ್ಲ. ನಮ್ಮ ಹೊಸೂರು ತಾಲ್ಲೂಕನ್ನ ಚಾಪೆ ಸುತ್ತಿದಂಗೆ ಸುತ್ತಿ ಒಳಗಿಟ್ರೆ, ಎಲ್ಲಿಟ್ವಿ ಅಂತ ಹುಡುಕ್ಬೇಕಾಗ್ತದೆ. ಬಿ.ಎ. ಹಿಸ್ಟರಿ ಓದ್ಲಿ. ಫಾರಂ ನಾನೇ ತುಂಬಿ ಇಟ್ಟಿದ್ದೀನಿ, ಸೈನ್ ಒಂದೇ ಬಾಕಿ.”

ಅವನ ಅವಸರಕ್ಕೆ ಕಾರಣವಿತ್ತು. ಸೋದರ ಸೊಸೆ ಮದ್ರಾಸಿಗೆ ಹೋಗಿಯಾಯಿತು ಎಂದು ಬಸ್ ಸ್ಟ್ಯಾಂಡಿಗೆಲ್ಲ ಆಗಲೇ ಹೇಳಿಬಿಟ್ಟಿದ್ದ. ಇನ್ನು ಹೋಗುವುದೊಂದು ಉಳಿದಿತ್ತು.

ರಾಮಾಂಜಿನಪ್ಪನ ಓಟು ಬೆಂಗಳೂರಿಗೆ. “ಬೆಳಿಗ್ಗೆ ಬಸ್ಸಿಗೆ ಹೋದ್ರೆ ಸಂಜೆ ಸೊಪ್ಪು ಹಾಕೋ ಹೊತ್ತಿಗೆ ಬಂದ್ಬುಡ್ಬೌದು,” ಅಂದ. ವಿದ್ಯೆ ದೊಡ್ಡದೋ ಚಿಕ್ಕದೋ ಅವನಿಗೆ ತಿಳಿಯದು. ಹಿಪ್ಪುನೇರಳೆ ಸೊಪ್ಪಿಗೆ ಒಂದು ಜೊತೆ ಕೈ ಕಡಿಮೆಯಾಗುವುದು ಚೆನ್ನಾಗಿ ತಿಳಿಯುತ್ತಿತ್ತು.

ಅವನ ತಾಯಿ ಪಿಳ್ಳಮ್ಮ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದಳು. ಆಕೆಗೆ ಎಂಬತ್ತೋ ನೂರೆಂಬತ್ತೋ, ಯಾರೂ ಕೇಳುವ ಧೈರ್ಯ ಮಾಡಿರಲಿಲ್ಲ. “ಮೈಸೂರಿಗೆ ಕಳ್ಸ್ಲಾ ರಾಮಾಂಜಿ,” ಅಂದಳು. “ಮೈಸೂರು ತಳಿ ಹುಳ ನೋಡು. ಸಣ್ಣಗಿದ್ರೂ ಗಟ್ಟಿ, ಬಿಸಿಲಿಗೆ ಜಗ್ಗಲ್ಲ. ಒಳ್ಳೇ ಬಿತ್ತನೆ ಸಿಗೋ ಕಡೆ ಒಳ್ಳೇ ಓದೂ ಸಿಕ್ತದೆ.”

ಮೂವರೂ ಏಕಕಾಲಕ್ಕೆ ಮಾತಾಡಿದರು. ಆ ಗದ್ದಲಕ್ಕೆ ಎಮ್ಮೆ ಹಗ್ಗ ಕಿತ್ತುಕೊಂಡು ಇನ್ನೊಂದು ರಾಜ್ಯಕ್ಕೆ ಹೋಯಿತು. ಅದನ್ನು ಹಿಡಿದು ತಂದು ಕಟ್ಟಿದ ಮೇಲೆ ಮುನಿರತ್ನ ಕೇಳಿದಳು:

“ನಿಮ್ಮಲ್ಲಿ ಯಾರ್ಯಾರು ಯಾವ್ಯಾವ ಯೂನಿವರ್ಸಿಟಿ ನೋಡಿದ್ದೀರ?”

ಪಿಳ್ಳಮ್ಮ ಕುಟ್ಟಾಣಿಗೆ ಇನ್ನೊಂದು ಅಡಿಕೆ ಹಾಕಿದಳು.

“ನೋಡೋದೇನೇ? ದಿನಾ ಫಾರಂ ಮಾರ್ತೀನಿ,” ಅಂದ ವೆಂಕಟೇಶಪ್ಪ.

“ಹಂಗಾದ್ರೆ ಮೂರೂ ನಾನೇ ನೋಡ್ಕೊಂಡು ಬತ್ತೀನಿ. ನೋಡದೆ ಯಾವುದಕ್ಕೂ ಸೈನ್ ಹಾಕಲ್ಲ.”

“ಹೋಗಿ ಏನ್ ಕೇಳ್ತೀಯ, ನಿನ್ನ ಗೋಪುರ ಎಷ್ಟು ಎತ್ತರ ಅಂತಲಾ?”

“ಒಂದು ಮೈಕ್ರೋಸ್ಕೋಪಿಗೆ ಎಷ್ಟು ಜನ ಅಂತ.”

ವೆಂಕಟೇಶಪ್ಪ ನಗುವುದಕ್ಕೆ ಬಾಯಿ ತೆರೆದ. ಅವಳ ಮುಖ ನೋಡಿ ಆಕಳಿಸಿದ ಹಾಗೆ ಮಾಡಿ ಮುಚ್ಚಿಕೊಂಡ.

ತಡೆದದ್ದು ರಾಮಾಂಜಿನಪ್ಪ. ಮನೆಯಲ್ಲಿ ನೂರು ಮೊಟ್ಟೆಯ ಹುಳ, ಎಂದರೆ ನೂರು ಚಿಟ್ಟೆ ಇಟ್ಟಷ್ಟು ಮೊಟ್ಟೆಯವು, ಆಗಷ್ಟೇ ಒಡೆದಿದ್ದವು. ಹುಳ ಇರುವ ಮನೆಯವರು ಹೊರಗೆ ಹೋಗುವಂತಿಲ್ಲ. ದಿನಕ್ಕೆ ಐದಾರು ಸಲ ಸೊಪ್ಪು ಹಾಕಬೇಕು. ಆದರೆ ರೇಷ್ಮೆ ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತದೆ. ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಹೊತ್ತು. ಆಗ ಹುಳ ತಲೆ ಎತ್ತಿ, ಬಾಯಿ ಕಟ್ಟಿ, ಒಂದು ಹಗಲು ಒಂದು ರಾತ್ರಿ ಅಲುಗದೆ ಕೂರುತ್ತದೆ. ಹುಳದ ಮನೆಯವರು ಮದುವೆಗೆ ಹೋಗುವುದು, ಕ್ಷೌರ ಮಾಡಿಸುವುದು, ಜಗಳ ಆಡುವುದು ಎಲ್ಲ ಆ ಒಂದು ದಿನದಲ್ಲೇ.

ಪಿಳ್ಳಮ್ಮ ತೀರ್ಪು ಕೊಟ್ಟಳು. “ಹುಳ ಉಪಾಸ ಕೂತಾಗ ಹೋಗು, ಅದು ಉಣ್ಣೋಕೆ ಏಳೋ ಹೊತ್ತಿಗೆ ಬಾ. ಎರಡ್ನೇ ಜ್ವರಕ್ಕೆ ಬೆಂಗಳೂರು, ಮೂರ್ನೇ ಜ್ವರಕ್ಕೆ ಮೈಸೂರು, ನಾಕ್ನೇದು ಉದ್ದ ಇರ್ತದೆ, ಅದಕ್ಕೆ ಮದ್ರಾಸು.”

ಭರತಖಂಡದಲ್ಲಿ ಯೂನಿವರ್ಸಿಟಿಗಳನ್ನು ಹುಳದ ಪಂಚಾಂಗ ನೋಡಿ ಆರಿಸಿಕೊಂಡ ಮನೆ ಅದೊಂದೇ ಇರಬೇಕು.

ಎರಡನೇ ಜ್ವರದ ದಿನ ವೆಂಕಟೇಶಪ್ಪ ಕಪ್ಪು ಕೋಟು ತೊಟ್ಟು ಬಂದ. ಹಿತ್ತಿಲು ತೋರಿಸಲು ಯಜಮಾನನೇ ಬೇಕಲ್ಲ. ಬೆಂಗಳೂರಿನಲ್ಲಿ ಇಳಿದವನೇ ಯಾರನ್ನೂ ಕೇಳದೆ ನಡೆದ. ಪಾರ್ಕಿನ ಮಗ್ಗುಲಲ್ಲಿ ಉದ್ದಕ್ಕೆ ಮಲಗಿದ್ದ ಕೆಂಪು ಕಟ್ಟಡ ಕಂಡಿತು.

“ಇದೇ ನೋಡು. ಬಣ್ಣ ನೋಡಿದ್ರೆ ಗೊತ್ತಾಗಲ್ವಾ? ಓದಿನ ಬಣ್ಣಾನೇ ಕೆಂಪು.”

ಉದ್ದದ ಸಾಲಿನಲ್ಲಿ ಒಂದು ಗಂಟೆ ನಿಂತರು. ಸಾಲಿನಲ್ಲಿದ್ದವರ ಮುಖಗಳು ಮುನಿರತ್ನಳಿಗೆ ವಿಚಿತ್ರವೆನಿಸಿದವು. ಓದಲು ಬಂದವರು ಇಷ್ಟು ವಯಸ್ಸಾದವರೇ, ಇಷ್ಟು ಸೋತವರೇ? ಬಾಗಿಲ ಬಳಿ ಜರಿ ಪೇಟದ ದಫೇದಾರ. ವೆಂಕಟೇಶಪ್ಪ ಮೀಸೆ ತೀಡಿ, ಎದೆ ಮುಂದಕ್ಕೆ ತಂದು, “ಹೊಸೂರು ವೆಂಕಟೇಶಪ್ಪ,” ಅಂದ.

ದಫೇದಾರ ಕೈಯಲ್ಲಿದ್ದ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದ. “ನಿಮ್ಮದು ಇವತ್ತು ಇಲ್ವಲ್ಲ. ಯಾವ ಕೇಸು? ನೀವು ವಾದಿಯೋ ಪ್ರತಿವಾದಿಯೋ?”

ಮುನಿರತ್ನ ಅಷ್ಟರಲ್ಲಿ ಗೋಡೆಯ ಮೇಲಿನ ಬೋರ್ಡು ಓದಿದ್ದಳು. “ಮಾವ, ಇದು ಹೈಕೋರ್ಟು.”

“ಗೊತ್ತೈತೆ,” ಅಂದ ವೆಂಕಟೇಶಪ್ಪ, ಕೋಟಿನ ಗುಂಡಿ ಬಿಚ್ಚುತ್ತ. “ಓದಿದೋರು ಕಡೆಗೆ ಎಲ್ಲಿಗೆ ಬಂದು ನಿಂತ್ಕೊಳ್ತಾರೆ ಅಂತ ಮೊದಲೇ ತೋರ್ಸೋಣ ಅಂತ.”

ಆಮೇಲೆ ಮುನಿರತ್ನ ಒಬ್ಬ ಕಡಲೆಕಾಯಿ ಮಾರುವವನನ್ನು ಕೇಳಿ ದಾರಿ ತಿಳಿದುಕೊಂಡಳು. ಅರ್ಧ ಗಂಟೆಯಲ್ಲಿ ಯೂನಿವರ್ಸಿಟಿಯ ಕಾಲೇಜು ಸಿಕ್ಕಿತು. ಮಾವ ಹಿಂದೆ ಹಿಂದೆ ಬಂದ. ಬೇಸಿಗೆ ರಜೆ, ಲ್ಯಾಬುಗಳಿಗೆ ಬೀಗ. ಆಫೀಸಿನಲ್ಲಿದ್ದ ಒಬ್ಬ ಗುಮಾಸ್ತರು ಕೂರಿಸಿ, ನೀರು ಕೊಟ್ಟು, ಅವಳ ಪ್ರಶ್ನೆ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು.

“ಸೀಟು ಎಷ್ಟು ಅಂತ ಕೇಳ್ತಾರಮ್ಮ. ಹಾಸ್ಟೆಲ್ಲಿನಲ್ಲಿ ಚಪಾತಿ ಎಷ್ಟು ಅಂತ ಕೇಳ್ತಾರೆ. ಇದನ್ನ ಇದುವರೆಗೂ ಯಾರೂ ಕೇಳಿಲ್ಲ. ಕಾಲೇಜು ತೆರೆದ ಮೇಲೆ ಬಂದ್ರೆ ಲೆಕ್ಕ ಹಾಕಿಸಿ ಹೇಳ್ತೀನಿ.”

ಅವಳು ನೋಟ್‌ಬುಕ್ಕಿನಲ್ಲಿ ‘ಬೆಂಗಳೂರು: ಒಳ್ಳೆಯವರು, ಗೊತ್ತಿಲ್ಲ’ ಎಂದು ಬರೆದುಕೊಂಡಳು. ವೆಂಕಟೇಶಪ್ಪನಿಗೆ ಊರಿಗೆ ಬಂದ ಕೂಡಲೇ ಸೊಂಟ ಹಿಡಿದುಕೊಂಡಿತು. ಮೀಸೆ ಬೋಳಿಸಿಕೊಳ್ಳಲಿಲ್ಲ ನಿಜ, ಆದರೆ ಅದರ ಎರಡು ತುದಿಗಳೂ ನೆಲ ನೋಡತೊಡಗಿ, ಒಂದು ತಿಂಗಳ ತನಕ ಲಾರಿಗಳೆಲ್ಲ ಬಸ್ ಸ್ಟ್ಯಾಂಡಿನ ಮುಂದೆ ದಿಕ್ಕು ತೋಚದೆ ನಿಂತವು.

ಮೂರನೇ ಜ್ವರ ಬಂತು. ಹುಳವೆಲ್ಲ ತಲೆ ಎತ್ತಿ ಕೂತಿದ್ದರೆ, ತಟ್ಟೆಯ ಅಂಚಿನಲ್ಲಿ ಕೆಲವು ಸಣ್ಣವು ಕೂರದೆ ಹರಿದಾಡುತ್ತಿದ್ದವು. ಪಿಳ್ಳಮ್ಮ “ಸೋಮಾರಿಗಳು” ಎಂದು ಅವನ್ನು ಆರಿಸಿ ಬಿಸಾಡುತ್ತಿದ್ದಳು. ಮುನಿರತ್ನ ಅವುಗಳಲ್ಲಿ ನಾಲ್ಕನ್ನು ಬೆಂಕಿಪೊಟ್ಟಣದೊಳಗೆ ಹಾಕಿ ದಾವಣಿಯ ಸೆರಗಿಗೆ ಕಟ್ಟಿಕೊಂಡಳು.

ಮೈಸೂರಿಗೆ ಜೊತೆ ಹೋದವಳು ಪಿಳ್ಳಮ್ಮನೇ. ತನ್ನ ಕ್ಯಾಂಡಿಡೇಟಿನ ಪ್ರಚಾರಕ್ಕೆ ತಾನೇ ಹೋಗಬೇಕೆಂದಳು. ಚನ್ನಪಟ್ಟಣ ದಾಟುವಾಗ ಪೊಟ್ಟಣದ ಸದ್ದು ಅವಳ ಕಿವಿಗೆ ಬಿತ್ತು.

“ಅದೇನೇ ಅದು?”

“ಹುಳ ಅಜ್ಜಿ.”

“ಅಯ್ಯೋ ಮುನೇಶ್ವರ! ಹುಳದ ಮನೆ ಹುಳಾನ ಹೊಸಿಲು ದಾಟ್ಸಿದ್ದೀಯಲ್ಲೇ! ನಮ್ಮತ್ತೆ ಇದ್ದಿದ್ರೆ ನಿನ್ನ ಈ ಬಸ್ಸಿಂದ ಇಳಿಸ್ಬುಡ್ತಿದ್ಲು.”

“ಅವರು ಸತ್ತು ಮೂವತ್ತು ವರ್ಷ ಆಯ್ತಲ್ಲ ಅಜ್ಜಿ.”

“ಅದಕ್ಕೇ ನೀನಿನ್ನೂ ಕೂತಿರೋದು.”

ಮೈಸೂರಿನ ಯೂನಿವರ್ಸಿಟಿಯ ಆವರಣದಲ್ಲಿ ಮರಗಳ ನೆರಳಲ್ಲಿ ನಡೆದು ನಡೆದು ಪಿಳ್ಳಮ್ಮ ಎರಡು ಸಲ ಎಲೆ ಅಡಿಕೆ ಮುಗಿಸಿದಳು. ಕಚೇರಿ ಇನ್ನೂ ಬಂದಿರಲಿಲ್ಲ. ಕಡೆಗೆ ಸಿಕ್ಕ ಕಚೇರಿಯಲ್ಲಿ ಗುಮಾಸ್ತ ಮಾರ್ಕ್ಸ್ ಕಾರ್ಡು ನೋಡಿ, “ಹೊರ ರಾಜ್ಯದವರಿಗೆ ಸೀಟು ಕಮ್ಮಿ. ಆದ್ರೆ ನಿಮ್ಮ ಮಾರ್ಕ್ಸು ಚೆನ್ನಾಗಿದೆ, ಹಾಕಿ ನೋಡಿ,” ಅಂದ.

“ಹೊರ ರಾಜ್ಯ ಯಾವುದಪ್ಪಾ?” ಎಂದಳು ಪಿಳ್ಳಮ್ಮ. “ನಮ್ಮ ಎಮ್ಮೆ ದಿನಾ ಉಣ್ಣೋದು ನಿಮ್ಮ ರಾಜ್ಯದಲ್ಲೇ.”

ಗುಮಾಸ್ತ ಎಮ್ಮೆಯನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು ತಿಳಿಯದೆ, ಬಿ.ಎಸ್ಸಿ. ಕ್ಲಾಸು ನಡೆಯುವ ಕಾಲೇಜಿನ ದಾರಿ ತೋರಿಸಿದ. ಅಲ್ಲೂ ರಜೆಯೇ. ಆದರೆ ಪ್ರಾಣಿಶಾಸ್ತ್ರದ ಲ್ಯಾಬಿನ ಬಾಗಿಲು ತೆರೆದಿತ್ತು. ಒಳಗೆ ಖಾಕಿ ಅಂಗಿಯ ಅಟೆಂಡರ್ ಒಬ್ಬ ಮೆತ್ತನೆ ಬಟ್ಟೆಯಲ್ಲಿ ಗಾಜು ಒರೆಸುತ್ತ ಕೂತಿದ್ದ. ಹೆಸರು ಸೊಣ್ಣಪ್ಪ.

“ಏನವ್ವಾ, ಯಾರು ಬೇಕು?”

“ಯಾರೂ ಬೇಡ ಅಣ್ಣ. ಒಂದು ಮೈಕ್ರೋಸ್ಕೋಪಿಗೆ ಎಷ್ಟು ಜನ ಅಂತ ಗೊತ್ತಾಗ್ಬೇಕಿತ್ತು.”

ಸೊಣ್ಣಪ್ಪ ಬಟ್ಟೆ ಕೆಳಗಿಟ್ಟ. ಇಪ್ಪತ್ತೆರಡು ವರ್ಷದಿಂದ ಆ ಪ್ರಶ್ನೆಗೆ ಉತ್ತರ ಸಿದ್ಧಮಾಡಿಟ್ಟುಕೊಂಡು ಕಾದಿದ್ದವನ ಹಾಗೆ ಹೇಳಿದ: “ಮೂವತ್ತಾರು ಮಕ್ಕಳು, ಒಂಬತ್ತು ಮೈಕ್ರೋಸ್ಕೋಪು. ನಾಕು ಜನಕ್ಕೊಂದು. ಆದ್ರೆ ಲೆಕ್ಕ ಅಷ್ಟಕ್ಕೇ ಮುಗಿಯಲ್ಲ ಕಣವ್ವ. ಶನಿವಾರ ಮಧ್ಯಾಹ್ನ ಕ್ಲಾಸಿಲ್ಲ. ಒರೆಸೋಕೆ ಅಂತ ನಾನು ಬೀಗ ತೆಗೀತೀನಿ, ಸಂಜೆಗಂಟ ಇರ್ತೀನಿ. ನೋಡ್ತೀನಿ ಅಂತ ಬಂದೋರನ್ನ ಬಿಡು ಅಂತ ನಮ್ಮ ಮೇಡಮ್ಮೇ ಹೇಳವ್ರೆ. ಅವತ್ತು ಒಬ್ಬರಿಗೆ ಒಂಬತ್ತು.”

“ಎಷ್ಟು ಜನ ಬತ್ತಾರೆ?”

“ಇಪ್ಪತ್ತೆರಡು ವರ್ಷಕ್ಕೆ ಇಬ್ರು.”

ಮುನಿರತ್ನ ಗಂಟು ಬಿಚ್ಚಿ ಬೆಂಕಿಪೊಟ್ಟಣ ಮೇಜಿನ ಮೇಲಿಟ್ಟಳು. ಸೊಣ್ಣಪ್ಪ ಕೊಳ್ಳೇಗಾಲದ ಕಡೆಯವನು, ಹುಳದ ಮನೆಯಲ್ಲೇ ಹುಟ್ಟಿದವನು. ಏನು ಎತ್ತ ಎಂದು ಕೇಳಲಿಲ್ಲ. ಒಂದು ಹುಳವನ್ನು ಅರೆದು, ಹನಿಯನ್ನು ಗಾಜಿಗೆ ಹಾಕಿ, ಮೇಲೆ ತೆಳ್ಳನೆಯ ಗಾಜು ಮುಚ್ಚಿ, ಕನ್ನಡಿಯನ್ನು ಕಿಟಕಿಯ ಕಡೆ ತಿರುಗಿಸಿ, “ಬಾರವ್ವ” ಅಂದ.

ಕೃಷ್ಣಗಿರಿಯಲ್ಲಿ ಎಲ್ಲರ ಜೊತೆ ಸರದಿಯಲ್ಲಿ ನಿಂತು ಈರುಳ್ಳಿ ಸಿಪ್ಪೆ ನೋಡಿದ್ದಳು. ಅದು ಹಿಂದಿನವರು ತಳ್ಳುವ ತನಕ ಮಾತ್ರ. ಈಗ ತಳ್ಳುವವರಿಲ್ಲ. ಮೊದಲು ತನ್ನ ರೆಪ್ಪೆಯೇ ಕಂಡಿತು. ಆಮೇಲೆ ಬೆಳಕು. ತಿರುಪನ್ನು ನಿಧಾನವಾಗಿ ತಿರುಗಿಸಿದಳು. ಅಕ್ಕಿ ನುಚ್ಚನ್ನು ನೀರಿಗೆ ಚೆಲ್ಲಿದ ಹಾಗೆ ಕಾಳು ಕಾಳು. ಒಂದೊಂದೂ ಮೊಟ್ಟೆಯಾಕಾರ, ಒಂದೊಂದೂ ಹೊಳೆಯುತ್ತಿತ್ತು. ಇದರ ಚಿತ್ರ ಅವಳಿಗೆ ಬಾಯಿಪಾಠ. ಹುಳದ ಮನೆಯ ಗೋಡೆಗೆ ಅಂಟಿಸಿದ್ದ ರೇಷ್ಮೆ ಇಲಾಖೆಯ ತಮಿಳು ಕರಪತ್ರವನ್ನು ನಾಲ್ಕು ವರ್ಷದಿಂದ ದಿನಾ ನೋಡಿದ್ದಳು.

ಅವಳು ಪಕ್ಕಕ್ಕೆ ಸರಿದಳು. ಸೊಣ್ಣಪ್ಪ ಬಗ್ಗಿ ನೋಡಿದ. “ಗಂಟುರೋಗ ಕಣವ್ವ,” ಅಂದ. ಉಳಿದ ಮೂರನ್ನೂ ನೋಡಿದರು. ಮೂರರಲ್ಲೂ ಇತ್ತು.

“ನಂಗೂ ತೋರ್ಸ್ರಪ್ಪ,” ಎಂದು ಪಿಳ್ಳಮ್ಮ ಮುಂದೆ ಬಂದಳು.

“ಒಂದು ಕಣ್ಣು ಮುಚ್ಕೊಳ್ಳಿ ಅಜ್ಜಿ.”

“ಅದನ್ನ ದೇವರೇ ಮುಚ್ಚವ್ನೆ. ನೀನು ಯಂತ್ರ ಸರಿ ಇಡು.”

ಪೊರೆ ಬಂದ ಎಡಗಣ್ಣು ಬಿಟ್ಟು ಬಲಗಣ್ಣಿನಲ್ಲಿ ಆಕೆ ಬಹಳ ಹೊತ್ತು ನೋಡಿದಳು. ತಲೆ ಎತ್ತಿದಾಗ ಮುಖದಲ್ಲಿ ನಗೆಯಿರಲಿಲ್ಲ.

ಬೆಳಿಗ್ಗೆ ಊರು ಸೇರಿದಾಗ ಹುಳ ಜ್ವರದಿಂದ ಎದ್ದಿದ್ದವು. ರಾಮಾಂಜಿನಪ್ಪ ಸೊಪ್ಪಿನ ಬುಟ್ಟಿ ಹೊತ್ತು ನಿಂತಿದ್ದ. ಹೇಗಾಯಿತು ನೋಡೋಣವೆಂದು ವೆಂಕಟೇಶಪ್ಪನೂ ಸೊಂಟ ಹಿಡಿದುಕೊಂಡು ಬಂದಿದ್ದ. ಮುನಿರತ್ನ ಹುಳದ ಮನೆಯ ಹೊಸಿಲ ಮೇಲೆ ಕೂತಳು.

“ಅಪ್ಪ, ಸೊಪ್ಪು ಹಾಕ್ಬೇಡ. ಗಂಟುರೋಗ ಐತೆ. ಸುಡ್ಬೇಕು.”

“ನಾಕು ಸೀಕು ಹುಳ ನೋಡಿ ನೂರು ಮೊಟ್ಟೆ ಹುಳ ಸುಡು ಅಂತೀಯಲ್ಲೇ?”

“ಗಾಜಿನ ಮೇಲೆ ಧೂಳು ಇದ್ದಿರ್ಬೇಕು ಭಾವ,” ಅಂದ ವೆಂಕಟೇಶಪ್ಪ. “ಐದು ನಿಮಿಷ ನೋಡಿದೋಳು ಡಾಕ್ಟರಾಗ್ಬುಟ್ಟಳಾ?”

ಮುನಿರತ್ನ ಮಾವನ ಕಡೆ ತಿರುಗಲಿಲ್ಲ. “ಇವತ್ತು ಸುಟ್ರೆ ಒಂದು ಬೆಳೆ ಹೋಗ್ತದೆ. ಬಿಟ್ರೆ ತಟ್ಟೆಗೆ ಹತ್ತತದೆ, ಗೋಡೆಗೆ ಹತ್ತತದೆ, ಪಕ್ಕದ ನಂಜಪ್ಪಣ್ಣನ ಮನೆಗೆ ಹೋಗ್ತದೆ, ಮುಂದಿನ ಬೆಳೇನೂ ತಿಂತದೆ. ಹೋದ ಸಲ ನಮಗೆ ಹೇಳೋರಿಲ್ಲ. ಈ ಸಲ ನಾನು ನೋಡಿದ್ದೀನಿ. ನಾನು ಏಳಲ್ಲ ಅಪ್ಪ, ಬೇಕಾದ್ರೆ ದಾಟ್ಕೊಂಡು ಹೋಗು.”

ಮಗಳನ್ನು ದಾಟಿಕೊಂಡು ಹೋಗುವ ಅಪ್ಪ ಅವನಲ್ಲ. ಬುಟ್ಟಿ ಇಳಿಸುವವನೂ ಅಲ್ಲ. ಹಾಗೇ ನಿಂತ. ಒಳಗೆ ಹಸಿದ ಹುಳ ತಟ್ಟೆಯ ಮೇಲೆ ಹರಿದಾಡುವ ಸದ್ದು ಮಳೆ ಹನಿದ ಹಾಗೆ ಕೇಳುತ್ತಿತ್ತು.

“ಇಳಿಸ್ಲಾ ರಾಮಾಂಜಿ ಬುಟ್ಟೀನ,” ಅಂದಳು ಪಿಳ್ಳಮ್ಮ. “ನಾನೂ ನೋಡಿದೆ. ಅರವತ್ತು ವರ್ಷ ಹುಳ ಮೇಯಿಸಿದ್ದೀನಿ, ಅದರ ಹೊಟ್ಟೇಲಿ ಏನೈತೆ ಅಂತ ನಿನ್ನೆ ಗೊತ್ತಾಯ್ತು. ಹಿಟ್ಟಿಗೆ ಹುಳು ಬಿದ್ದಂಗೆ ತುಂಬ್ಕೊಂಡವೆ ಕಣ್ಲಾ. ಈ ಹುಡುಗಿ ಸುಳ್ಳು ಹೇಳಿದ್ರೆ ನನ್ನ ಕಣ್ಣೂ ಸುಳ್ಳು ಹೇಳ್ಬೇಕು.”

ರಾಮಾಂಜಿನಪ್ಪ ಬುಟ್ಟಿ ಇಳಿಸಿದ. ಗುಂಡಿ ತೋಡಿ, ತಾನೇ ಬೆಂಕಿ ಇಟ್ಟ. ಎರಡು ದಿನ ತಟ್ಟೆಗಳನ್ನೆಲ್ಲ ತೊಳೆದು ಬಿಸಿಲಿಗೆ ಹಾಕಿದ. ಮೂರನೆಯ ದಿನ ಇಲಾಖೆಯವರು ಬಂದು, ಅದೇ ಬಿತ್ತನೆ ತಂದಿದ್ದ ನಂಜಪ್ಪನ ಮನೆಯ ಹುಳ ನೋಡಿ, ರೋಗ ಇದೆಯೆಂದು ಹೇಳಿ ಹೋದರು. ಆ ಸಂಜೆ ಅವನು ಮಗಳ ಪಕ್ಕ ಬಂದು ಕೂತು, “ಆ ಕಾಳು ಹೆಂಗಿತ್ತು ಅಂದೆ?” ಎಂದು ಕೇಳಿದ. ಅವಳು ನೆಲದ ಮೇಲೆ ಕಡ್ಡಿಯಲ್ಲಿ ಬರೆದು ತೋರಿಸಿದಳು.

ಹುಳವೇ ಇಲ್ಲವೆಂದ ಮೇಲೆ ನಾಲ್ಕನೇ ಜ್ವರದ ಹಂಗಿಲ್ಲ. “ಮೈಸೂರು ಸರಿಹೋಯ್ತಲ್ಲ, ಇನ್ನು ಮದ್ರಾಸಿಗೆ ಯಾಕೆ ಅಲೀತೀಯ?” ಎಂದು ಅವಳ ಅಮ್ಮ ರಾಮಕ್ಕ ಕೇಳಿದಳು.

“ಮೂರೂ ನೋಡ್ತೀನಿ ಅಂದಿದ್ದೆ ಅಮ್ಮ. ನೋಡದೆ ಬೇಡ ಅನ್ನೋದೂ ಒಂದೇ, ನೋಡದೆ ಬೇಕು ಅನ್ನೋದೂ ಒಂದೇ.”

ಈ ಸಲ ಜೊತೆಗೆ ಹೊರಟವನು ರಾಮಾಂಜಿನಪ್ಪ. ಯೂನಿವರ್ಸಿಟಿ ದೊಡ್ಡದೇ ಇತ್ತು. ಆ ಒಂದು ವಿಷಯದಲ್ಲಿ ವೆಂಕಟೇಶಪ್ಪ ಅಪ್ಪಿತಪ್ಪಿ ನಿಜ ಹೇಳಿದ್ದ. ಸಮುದ್ರ ಕಂಡ ರಾಮಾಂಜಿನಪ್ಪ ಮಾತ್ರ ಅದರ ಮುಂದಿನ ಯಾವ ಕಟ್ಟಡವನ್ನೂ ನೋಡಲಿಲ್ಲ. ಮೂರು ಗಂಟೆ ಹೊತ್ತು ಮರಳಿನಲ್ಲಿ ಕೂತು, “ಇಷ್ಟು ನೀರು ಇಟ್ಕೊಂಡು ಇವರು ಒಂದು ಗುಂಟೆ ಹಿಪ್ಪುನೇರಳೆ ಹಾಕಿಲ್ವಲ್ಲ,” ಎಂದು ಕೊರಗಿದ. ಅಲ್ಲಿನ ಒಂದು ಕಾಲೇಜಿನಲ್ಲಿ ಮುನಿರತ್ನಳಿಗೆ ಒಬ್ಬ ಪ್ರೊಫೆಸರಮ್ಮ ಸಿಕ್ಕರು. ಅವಳ ತಮಿಳಿನಲ್ಲಿದ್ದ ಹೊಸೂರಿನ ಎಳೆತಕ್ಕೆ ನಕ್ಕು, ಗಾಜಿನ ಬೀರು ತೋರಿಸಿದರು. ಒಳಗೆ ಹೊಸ ಮೈಕ್ರೋಸ್ಕೋಪುಗಳ ಸಾಲು, ಮೂರು ಜನಕ್ಕೊಂದು.

“ಶನಿವಾರ ಮಧ್ಯಾಹ್ನ ಬಂದ್ರೆ ನೋಡ್ಬಹುದಾ ಮೇಡಂ?”

“ಕ್ಲಾಸಿನ ಹೊತ್ತಿಗೆ ಮಾತ್ರಮ್ಮಾ. ಇಲ್ಲಿ ಮಕ್ಕಳು ಬಹಳ, ಹಾಗೆ ಬಿಟ್ಟರೆ ಆಗೋದಿಲ್ಲ.”

ಅವರು ಹೇಳಿದ್ದು ನ್ಯಾಯವೇ. ಮುನಿರತ್ನ ಅದನ್ನೂ ಬರೆದುಕೊಂಡಳು. ವಾಪಸು ಬರುವ ರೈಲಿನಲ್ಲಿ ನೋಟ್‌ಬುಕ್ಕಿನ ಮೂರು ಸಾಲುಗಳನ್ನು ಓದಿ ಮಡಿಸಿಟ್ಟಳು. ಮೂರು ಜನಕ್ಕೊಂದು ಎಂದರೂ ನಾಲ್ಕು ಜನಕ್ಕೊಂದು ಎಂದರೂ ಹಿಂದೆ ತಳ್ಳುವವರು ಇದ್ದೇ ಇರುತ್ತಾರೆ.

ಜೂನ್ ಮೊದಲ ವಾರ, ಫಾರಂ ಕಳಿಸಲು ಎರಡು ದಿನ ಉಳಿದಾಗ, ಅವಳು ಮಾವನ ಅಂಗಡಿಗೆ ಬಂದಳು. ವೆಂಕಟೇಶಪ್ಪ ಮೀಸೆಗೆ ಎಣ್ಣೆ ಹಚ್ಚಿ ಮತ್ತೆ ಮೇಲಕ್ಕೆ ತಂದಿದ್ದ. ತಾನು ತುಂಬಿಟ್ಟಿದ್ದ ಮದ್ರಾಸಿನ ಫಾರಮ್ಮನ್ನು ಮುಂದೆ ಸರಿಸಿ, ಪೆನ್ನಿನ ಮುಚ್ಚಳವನ್ನೂ ತೆಗೆದು ಕೊಟ್ಟ. ಅಂಗಡಿಯ ಹೊರಗೆ ಇಬ್ಬರು ಗಿರಾಕಿಗಳು ಕಿವಿಗೊಟ್ಟು ನಿಂತಿದ್ದರು.

ಮುನಿರತ್ನ ಪೆನ್ನು ತೆಗೆದುಕೊಂಡಳು. ಡಬ್ಬಿಯೊಳಗಿಂದ ಮೈಸೂರಿನದನ್ನು ತಾನೇ ತೆಗೆದು ಬರೆಯಲು ಶುರುಮಾಡಿದಳು. ಬಿ.ಎಸ್ಸಿ., ಪ್ರಾಣಿಶಾಸ್ತ್ರ. ಹೆಸರು, ಊರು, ತಾಲ್ಲೂಕು. ರಾಜ್ಯ ಎಂದು ಕೇಳಿದಲ್ಲಿ ಒಂದು ಕ್ಷಣವೂ ನಿಲ್ಲದೆ ತಮಿಳುನಾಡು ಎಂದು ಬರೆದಳು.

“ಯೋಚ್ನೆ ಮಾಡೇ,” ಎಂದು ವೆಂಕಟೇಶಪ್ಪ ದನಿ ತಗ್ಗಿಸಿದ. “ಹೊರ ರಾಜ್ಯದವಳು ಅಂತ ಆಚೆ ಹಾಕಿದ್ರೆ?”

“ಹಾಕಿದ್ರೆ ಮುಂದಿನ ವರ್ಷ ಮತ್ತೆ ಬರೀತೀನಿ.”

“ಮದ್ರಾಸಾದ್ರೆ ನಮ್ಮದು. ನಮ್ಮ ಕಡೆಯೋರು ಅವ್ರೆ. ಮೈಸೂರಲ್ಲಿ ನಿನಗೆ ಯಾರು ಗೊತ್ತು? ವೈಸ್ ಚಾನ್ಸಲರ್ ಗೊತ್ತಾ?”

“ಇಲ್ಲ ಮಾವ.”

“ರಿಜಿಸ್ಟ್ರಾರ್?”

“ಇಲ್ಲ.”

ವೆಂಕಟೇಶಪ್ಪ ಹೊರಗಿನ ಇಬ್ಬರಿಗೂ ಕೇಳುವ ಹಾಗೆ ಜೋರಾಗಿ ನಕ್ಕ. “ಕೇಳಿದ್ರೇನ್ರಪ್ಪ? ಅಷ್ಟು ದೊಡ್ಡ ಯೂನಿವರ್ಸಿಟೀಲಿ ಇವಳಿಗೆ ಗೊತ್ತಿರೋನು ಒಬ್ಬನೇ, ಗಾಜು ಒರೆಸೋ ಸೊಣ್ಣಪ್ಪ! ಅವನನ್ನ ನಂಬ್ಕೊಂಡು ಹೋಗ್ತೀಯೇನೇ?”

ಮುನಿರತ್ನ ಸೈನ್ ಹಾಕಿ, ಶಾಯಿ ಆರಲೆಂದು ಊದಿ, ಫಾರಮ್ಮನ್ನು ಕವರಿಗೆ ಹಾಕಿದಳು.

“ರಿಜಿಸ್ಟ್ರಾರ್ ಹತ್ರ ಸೀಲು ಇರ್ತದೆ ಮಾವ. ಬೀಗದ ಕೈ ಇರೋದು ಸೊಣ್ಣಪ್ಪಣ್ಣನ ಹತ್ರ.”